ತಿಮಿಂಗಿಲದ ಕಾಲು ಎಲ್ಲಿ ಹೋಯಿತು?

ಮೊದಲು ಈ ಮೂಳೆ ನೋಡಿ. ಒಬ್ಬರು ನೋಡಿ ಪಕ್ಕದವರಿಗೆ ಕೊಡುತ್ತಾ ಹೋಗಿ. ಇದು ಕುರಿಯ ಹಿಂಗಾಲಿನದು. ಮಟನ್ ಅಂಗಡಿಯಲ್ಲಿ ಹೇಳಿ, ಕಾಲಿನ ಗಂಟನ್ನು ಮಚ್ಚಿನಲ್ಲಿ ಒಡೆಯದೆ ಇಡಿಯಾಗಿ ತೆಗೆಸಿಕೊಂಡು ಬಂದೆ. ಚೆನ್ನಾಗಿ ಬೇಯಿಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ತಿಕ್ಕಿ, ಎರಡು ದಿನ ಬಿಸಿಲಿಗೆ ಇಟ್ಟಿದ್ದೆ. ವಾಸನೆ ಇಲ್ಲ. ಮುಟ್ಟೋಕೆ ಇಷ್ಟ ಇಲ್ಲದವರು ಪಕ್ಕದವರ ಕೈಯಲ್ಲೇ ನೋಡಿ, ಪರವಾಗಿಲ್ಲ.

ದೊಡ್ಡ ಅಡಿಕೆಯಷ್ಟಿದೆ, ಅಲ್ವಾ? ಈಗ ಅದರ ಒಂದು ತುದಿಯ ಮೇಲೆ ಬೆರಳು ಆಡಿಸಿ. ನಡುವೆ ಒಂದು ತೋಡು, ಎರಡೂ ಕಡೆ ಉಬ್ಬಿದ ಅಂಚು. ಬಾವಿಯ ರಾಟೆ ಇರುತ್ತದಲ್ಲ, ಹಗ್ಗ ಕೂರುವ ಜಾಗ, ಥೇಟ್ ಹಾಗೆ. ಈಗ ತಿರುಗಿಸಿ ಇನ್ನೊಂದು ತುದಿ ನೋಡಿ. ಅಲ್ಲೂ ಒಂದು ರಾಟೆ. ಮೇಲೊಂದು, ಕೆಳಗೊಂದು.

ಮೇಲಿನ ರಾಟೆಯ ಮೇಲೆ ಮೊಣಕಾಲಿನ ಕೆಳಗಿನ ಉದ್ದ ಮೂಳೆ ಕೂರುತ್ತದೆ. ಕೆಳಗಿನ ರಾಟೆಗೆ ಪಾದದ ಮೂಳೆಗಳು ಕೂರುತ್ತವೆ. ಎರಡೂ ಕಡೆ ರಾಟೆ ಇರುವುದರಿಂದ ಪಾದ ಹಿಂದೆ ಮುಂದೆ ಸರಾಗವಾಗಿ ಮಡಚುತ್ತದೆ, ಆದರೆ ಪಕ್ಕಕ್ಕೆ ತಿರುಗುವುದಿಲ್ಲ. ಕಲ್ಲಿನ ಮೇಲೆ ಓಡುವ, ಹಾರುವ ಪ್ರಾಣಿಗೆ ಇದು ದೊಡ್ಡ ಅನುಕೂಲ. ಕಾಲು ಉಳುಕುವುದು ಕಡಿಮೆ. ಈಗ ಕೂತಲ್ಲೇ ನಿಮ್ಮ ಪಾದವನ್ನು ಗುಂಡಗೆ ತಿರುಗಿಸಿ. ತಿರುಗುತ್ತದೆ. ಯಾಕೆಂದರೆ ನಮ್ಮಲ್ಲಿ ಇದೇ ಮೂಳೆಯ ಮೇಲ್ಭಾಗ ಮಾತ್ರ ರಾಟೆಯಂತಿದೆ. ಕೆಳಗಿನ ತುದಿ ನೆಲ್ಲಿಕಾಯಿಯ ಹಾಗೆ ಗುಂಡಗಿದೆ. ನಾಯಿ, ಬೆಕ್ಕುಗಳಲ್ಲೂ ಹಾಗೇ.

ಎರಡು ರಾಟೆಯ ಮೂಳೆ ಇರುವುದು ಜೋಡಿಗೊರಸಿನ ಪ್ರಾಣಿಗಳಲ್ಲಿ. ಹಸು, ಎಮ್ಮೆ, ಆಡು, ಕುರಿ, ಜಿಂಕೆ, ಹಂದಿ, ಒಂಟೆ, ಜಿರಾಫೆ, ನೀರುಕುದುರೆ. ಕುದುರೆಗೂ ಇಲ್ಲ, ಘೇಂಡಾಮೃಗಕ್ಕೂ ಇಲ್ಲ. ಮಣ್ಣಿನಲ್ಲಿ ಇಂಥ ಒಂದೇ ಒಂದು ಮೂಳೆ ಸಿಕ್ಕರೂ ಸಾಕು, ಅದು ಯಾವ ಕುಲದ್ದು ಎಂದು ಹೇಳಿಬಿಡಬಹುದು.

4.7 ಕೋಟಿ ವರ್ಷಗಳ ಹಿಂದೆ ಈ ಮೂಳೆ ತಿಮಿಂಗಿಲದ ಕಾಲಿನಲ್ಲಿತ್ತು. ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದೇ ಕತೆ. ಅದೂ ಎಲ್ಲೋ ದೂರ ದೇಶದ್ದಲ್ಲ, ನಮ್ಮ ಈ ಉಪಖಂಡದಲ್ಲೇ ನಡೆದದ್ದು. ನಾನು ಓದಿದ್ದು ಕಾಮರ್ಸ್. ಆದರೂ ಈ ವಿಷಯ ಹಿಡಿದರೆ ನನಗೆ ಊಟ ನಿದ್ದೆ ನೆನಪಾಗುವುದಿಲ್ಲ.

ತಿಮಿಂಗಿಲ ಅನ್ನುವ ಪದವನ್ನೇ ನೋಡಿ. ತಿಮಿ ಎಂದರೆ ಒಂದು ಭಾರೀ ಮೀನು. ಆ ತಿಮಿಯನ್ನೇ ನುಂಗುವುದು ತಿಮಿಂಗಿಲ. ಹಳಬರು ಅದನ್ನು ಮೀನೆಂದೇ ತಿಳಿದಿದ್ದರು. ಕಡಲಲ್ಲಿ ಇದೆ, ಬಾಲ ಇದೆ, ಈಜುರೆಕ್ಕೆ ಇದೆ, ಇನ್ನೇನು ಬೇಕು? ಆದರೆ ಅದು ಮರಿ ಹಾಕಿ ಹಾಲು ಕುಡಿಸುತ್ತದೆ. ಬಿಸಿ ರಕ್ತ. ಶ್ವಾಸಕೋಶದಿಂದ ಉಸಿರಾಡುತ್ತದೆ, ಅದಕ್ಕೆಂದೇ ಮೇಲೆ ಬರಬೇಕು. ಎಂದಾದರೂ ಕಾರವಾರದ ಕಡೆ ಹೋದರೆ ದೋಣಿಯಲ್ಲಿ ಕೂತು ಡಾಲ್ಫಿನ್ ನೋಡಿ. ಡಾಲ್ಫಿನ್ ಕೂಡ ತಿಮಿಂಗಿಲದ ಬಳಗವೇ. ನೀರಿನಿಂದ ಮೇಲೆ ಬರುವಾಗ ಅದರ ಬೆನ್ನು ಕಮಾನಿನ ಹಾಗೆ ಬಾಗುತ್ತದೆ. ಮೀನು ಬಾಲವನ್ನು ಎಡಕ್ಕೆ ಬಲಕ್ಕೆ ಬೀಸಿ ಈಜುತ್ತದೆ. ಡಾಲ್ಫಿನ್ ಮೇಲಕ್ಕೆ ಕೆಳಕ್ಕೆ ಬೀಸುತ್ತದೆ. ನಾಯಿ ಜೋರಾಗಿ ಓಡುವಾಗ ಅದರ ಬೆನ್ನು ಹೇಗೆ ಬಾಗಿ ಬಿಚ್ಚಿಕೊಳ್ಳುತ್ತದೆ, ನೋಡಿದ್ದೀರಲ್ಲ? ಅದೇ ಚಲನೆ. ನೆಲದ ಮೇಲೆ ಓಡಿದ ಬೆನ್ನೆಲುಬು ಅದು. ನೀರಿಗಿಳಿದ ಮೇಲೂ ಹಳೇ ಅಭ್ಯಾಸ ಬಿಟ್ಟಿಲ್ಲ.

ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿ ತಿಮಿಂಗಿಲದ ದೊಡ್ಡ ಅಸ್ಥಿಪಂಜರ ಇದೆ. ನಾನು ಮೊದಲ ಸಲ ಅದನ್ನು ನೋಡಿದಾಗ ಜನ ಎಲ್ಲ ಅದರ ದವಡೆ ನೋಡುತ್ತಾ ನಿಂತಿದ್ದರು. ನಾನು ಈಜುರೆಕ್ಕೆ ಎದುರು ನಿಂತೆ. ಹೊರಗಿನಿಂದ ಅದು ದೋಣಿಯ ಹುಟ್ಟಿನಂತೆ ಕಾಣುವ ಅಂಗ. ಒಳಗೆ ಇರುವುದು ಕೈ. ತೋಳಿನ ಒಂದು ಮೂಳೆ, ಮುಂಗೈಯ ಎರಡು ಮೂಳೆ, ಮಣಿಕಟ್ಟು, ಆಮೇಲೆ ಬೆರಳುಗಳು. ನನ್ನ ಕೈಯನ್ನು ಅದರ ಪಕ್ಕ ಹಿಡಿದು ಒಂದೊಂದೇ ಮೂಳೆ ಎಣಿಸಿದೆ. ಆವತ್ತು ಹಿಡಿದ ಹುಚ್ಚು ಇದು.

ಸರಿ, ನೆಲದ ಪ್ರಾಣಿಯೇ ಕಡಲಿಗೆ ಇಳಿದಿದೆ ಎಂದು ಒಪ್ಪಿಕೊಳ್ಳೋಣ. ಆದರೆ ಯಾವ ಪ್ರಾಣಿ? ಡಾರ್ವಿನ್‌ಗೂ ಈ ಪ್ರಶ್ನೆ ಕಾಡಿತ್ತು. 1859ರ ತಮ್ಮ ಪುಸ್ತಕದಲ್ಲಿ ಅವರು ಒಂದು ಕರಡಿಯ ವಿಷಯ ಬರೆದರು. ಉತ್ತರ ಅಮೆರಿಕದಲ್ಲಿ ಕಪ್ಪು ಕರಡಿಯೊಂದು ಬಾಯಿ ಅಗಲಿಸಿಕೊಂಡು ಗಂಟೆಗಟ್ಟಲೆ ಈಜುತ್ತಾ ನೀರಿನ ಮೇಲಿನ ಹುಳಗಳನ್ನು ಹಿಡಿಯುತ್ತಿತ್ತು ಎಂದು ಒಬ್ಬ ಯಾತ್ರಿಕ ಹೇಳಿದ್ದ. ಇಂಥ ಜೀವನ ಬಹಳ ಕಾಲ ನಡೆದರೆ ಕರಡಿಗಳು ತಿಮಿಂಗಿಲದಂಥ ಪ್ರಾಣಿಗಳಾಗುವುದು ಅಸಾಧ್ಯವೇನಲ್ಲ ಎಂದರು ಡಾರ್ವಿನ್. ಜನ ನಕ್ಕರು. ಮುಂದಿನ ಮುದ್ರಣಗಳಲ್ಲಿ ಅವರು ಆ ಮಾತನ್ನು ಮೊಟಕುಗೊಳಿಸಿದರು. ಕರಡಿ ಅನ್ನುವುದು ತಪ್ಪು, ನಿಜ. ಆದರೆ ದಾರಿ ಸರಿಯಿತ್ತು. ನೀರಿನ ಅಂಚಿನಲ್ಲಿ ಬದುಕುವ ನೆಲದ ಪ್ರಾಣಿಯನ್ನು ಹುಡುಕಬೇಕು ಅನ್ನುವುದನ್ನು ಅವರು ಸರಿಯಾಗಿಯೇ ಹಿಡಿದಿದ್ದರು.

1883ರಲ್ಲಿ ವಿಲಿಯಂ ಫ್ಲವರ್ ಎಂಬ ಅಂಗರಚನಾ ತಜ್ಞ ಗೊರಸಿನ ಪ್ರಾಣಿಗಳ ಕಡೆ ನೋಡಿ ಎಂದರು. 1950ರಲ್ಲಿ ಬಾಯ್ಡನ್ ಮತ್ತು ಜೆಮೆರಾಯ್ ಎಂಬ ಇಬ್ಬರು ರಕ್ತದ ಸೀರಂ ಪರೀಕ್ಷೆ ಮಾಡಿ, ತಿಮಿಂಗಿಲದ ರಕ್ತ ಜೋಡಿಗೊರಸಿನ ಪ್ರಾಣಿಗಳ ರಕ್ತಕ್ಕೆ ಹತ್ತಿರ ಎಂದು ಹೇಳಿದರು. ಯಾರೂ ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಪಳೆಯುಳಿಕೆ ನೋಡುವವರು ಬೇರೆ ಪ್ರಾಣಿಯೊಂದನ್ನು ಹಿಡಿದು ಕೂತಿದ್ದರು. ಮೆಸೊನಿಕಿಡ್ ಎಂದು ಅದರ ಹೆಸರು. ತೋಳದಂಥ ಮೈ, ಕಾಲಿಗೆ ಗೊರಸು, ಮಾಂಸ ತಿನ್ನುವ ಹಲ್ಲು. ಹಳೇ ತಿಮಿಂಗಿಲಗಳ ಹಲ್ಲು ಅದರ ಹಲ್ಲಿನಂತೆಯೇ ಇತ್ತು. 1966ರಲ್ಲಿ ಲೀ ವ್ಯಾನ್ ವೇಲನ್ ಇದನ್ನು ಹೇಳಿದರು, ಮುಂದಿನ ಮೂವತ್ತು ವರ್ಷ ಪಳೆಯುಳಿಕೆ ತಜ್ಞರಲ್ಲಿ ಬಹುಪಾಲು ಜನ ಅದನ್ನೇ ನಂಬಿದರು.

ಹಲ್ಲು ಎಂದಾಗ ಒಂದು ಕತೆ ನೆನಪಾಯಿತು, ಹೇಳಿಬಿಡುತ್ತೇನೆ. 1834ರಲ್ಲಿ ಅಮೆರಿಕದ ರಿಚರ್ಡ್ ಹಾರ್ಲನ್ ಅವರ ಕೈಗೆ ಭಾರೀ ಬೆನ್ನುಮೂಳೆಗಳು ಸಿಕ್ಕವು. ಯಾವುದೋ ಕಡಲ ಹಲ್ಲಿ ಇರಬೇಕೆಂದು ಅದಕ್ಕೆ ಬೆಸಿಲೊಸಾರಸ್, ಅಂದರೆ ಹಲ್ಲಿಗಳ ರಾಜ ಎಂದು ಹೆಸರಿಟ್ಟರು. 1839ರಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಓವನ್ ಅದರ ಹಲ್ಲು ನೋಡಿದರು. ದವಡೆ ಹಲ್ಲಿಗೆ ಎರಡು ಬೇರು. ಸರೀಸೃಪಗಳ ಹಲ್ಲಿಗೆ ಹಾಗೆ ಎರಡು ಬೇರು ಇರುವುದಿಲ್ಲ. ಇದು ಹಲ್ಲಿ ಅಲ್ಲ, ತಿಮಿಂಗಿಲ ಎಂದರು ಓವನ್. ಆದರೆ ನಿಯಮದ ಪ್ರಕಾರ ಮೊದಲು ಇಟ್ಟ ಹೆಸರೇ ಉಳಿಯಬೇಕು. ಹಾಗಾಗಿ ಇವತ್ತಿಗೂ ಆ ತಿಮಿಂಗಿಲದ ಹೆಸರು ಹಲ್ಲಿಗಳ ರಾಜ. 1845ರಲ್ಲಿ ಆಲ್ಬರ್ಟ್ ಕಾಕ್ ಎಂಬಾತ ಇದೇ ಜಾತಿಯ ಹಲವು ಪ್ರಾಣಿಗಳ ಮೂಳೆಗಳನ್ನು ಒಂದರ ಹಿಂದೆ ಒಂದು ಪೋಣಿಸಿ, 114 ಅಡಿ ಉದ್ದದ ಕಡಲ ಸರ್ಪ ಮಾಡಿ, ನ್ಯೂಯಾರ್ಕಿನಲ್ಲಿ ಟಿಕೆಟ್ ಇಟ್ಟು ತೋರಿಸಿದ. ಜನ ಮುಗಿಬಿದ್ದು ನೋಡಿದರು. ಜೆಫ್ರಿಸ್ ವೈಮನ್ ಎಂಬ ತಜ್ಞ ಹೋಗಿ ಒಂದೊಂದೇ ಮೂಳೆ ನೋಡಿ ಮೋಸ ಬಯಲು ಮಾಡಿದರು. ನನಗೆ ಇದರಲ್ಲಿ ಬೇಸರ ತರುವುದು ಒಂದೇ. ಆ ಮೂಳೆಗಳ ನಿಜವಾದ ಕತೆ ಕಡಲ ಸರ್ಪಕ್ಕಿಂತ ಎಷ್ಟೋ ಪಾಲು ವಿಚಿತ್ರವಾಗಿತ್ತು. ಅದನ್ನು ಕೇಳುವವರು ಆಗ ಇರಲಿಲ್ಲ.

ಈಗ ಭೂಪಟ ನೆನಪಿಸಿಕೊಳ್ಳಿ. 5 ಕೋಟಿ ವರ್ಷದ ಹಿಂದೆ ಹಿಮಾಲಯ ಇರಲಿಲ್ಲ. ಭಾರತದ ಭೂಭಾಗ ಉತ್ತರಕ್ಕೆ ಸರಿದು ಬಂದು ಏಷ್ಯಾಕ್ಕೆ ಆಗತಾನೇ ತಾಗುತ್ತಿತ್ತು. ನಡುವೆ ಇದ್ದದ್ದು ಟೆಥಿಸ್ ಸಮುದ್ರ. ಅದು ದಿನೇ ದಿನೇ ಕಿರಿದಾಗುತ್ತಾ, ಆಳ ಕಳೆದುಕೊಳ್ಳುತ್ತಾ ಇತ್ತು. ಬೆಚ್ಚಗಿನ, ತಿಳಿಯಾದ, ಆಳವಿಲ್ಲದ ನೀರು. ಅಳಿವೆಗಳು, ಹಿನ್ನೀರು, ಕೆಸರು. ಆ ಕೆಸರೆಲ್ಲ ಇವತ್ತು ಕಲ್ಲಾಗಿ ಮೇಲೆದ್ದಿದೆ. ಪಾಕಿಸ್ತಾನದ ಕಾಲಾ ಚಿಟ್ಟಾ ಬೆಟ್ಟಗಳು, ಬಲೂಚಿಸ್ತಾನ, ನಮ್ಮ ಕಡೆ ಜಮ್ಮುವಿನ ಕಾಲಾಕೋಟ್, ಗುಜರಾತಿನ ಕಚ್. ಜಗತ್ತಿನ ಅತಿ ಹಳೆಯ ತಿಮಿಂಗಿಲಗಳೆಲ್ಲ ಸಿಕ್ಕಿರುವುದು ಈ ಪಟ್ಟಿಯಲ್ಲೇ.

ನಮ್ಮ ಊರಿನಲ್ಲಿ ಯಾಕೆ ಸಿಗುವುದಿಲ್ಲ ಎಂದು ಮಕ್ಕಳು ಕೇಳುತ್ತಾರೆ. ನಮ್ಮ ಕಲ್ಲು ತೀರಾ ಹಳೆಯದು. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷದ್ದು. ಆಗ ಮೂಳೆ ಇರುವ ಪ್ರಾಣಿ ಹಾಗಿರಲಿ, ಪ್ರಾಣಿ ಅನ್ನುವುದೇ ಇರಲಿಲ್ಲ. ಬಾಗಲಕೋಟೆ ಕಡೆಯ ಕಲಾದಗಿ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಹುತ್ತದಂಥ ರಚನೆಗಳು. ಈರುಳ್ಳಿ ಹೆಚ್ಚಿದ ಹಾಗೆ ಕಾಣುತ್ತವೆ. ಅವೂ ಪಳೆಯುಳಿಕೆಯೇ. ಆದರೆ ತಿಮಿಂಗಿಲ ಬೇಕೆಂದರೆ ಕಚ್‌ಗೆ ಹೋಗಬೇಕು.

ಕಚ್‌ನಲ್ಲಿ 1970ರ ದಶಕದಲ್ಲಿ ಅಶೋಕ್ ಸಾಹ್ನಿ ಮತ್ತು ವಿ.ಪಿ. ಮಿಶ್ರಾ ಹಳೆಯ ತಿಮಿಂಗಿಲಗಳನ್ನು ಪತ್ತೆ ಮಾಡಿದರು. ಆಮೇಲೆ ಸುನಿಲ್ ಬಾಜಪೇಯಿ ಮತ್ತು ಹಾನ್ಸ್ ಥೆವಿಸನ್ ಆ ಕೆಲಸ ಮುಂದುವರಿಸಿದರು. ಅಲ್ಲಿ ಸಿಕ್ಕ ರೆಮಿಂಗ್ಟನೊಸೀಟಸ್‌ಗೆ ಮೊಸಳೆಯಂಥ ಉದ್ದ ಮೂತಿ, ಪುಟಾಣಿ ಕಣ್ಣು. ಕೆಸರು ನೀರಿನಲ್ಲಿ ಕಣ್ಣಿಗಿಂತ ಕಿವಿಯನ್ನೇ ನೆಚ್ಚಿಕೊಂಡಿತ್ತೇನೋ. 2000ದಲ್ಲಿ ಹೆಸರು ಪಡೆದ ಕಚ್ಚಿಸೀಟಸ್ ಇನ್ನೂ ಚಿಕ್ಕದು. ನೀರುನಾಯಿಯ ಹಾಗೆ ಉದ್ದ ಬಾಲ, ಗಿಡ್ಡ ಕಾಲು. ಅದರ ಹೆಸರಲ್ಲೇ ಕಚ್ ಇದೆ ಅನ್ನುವುದು ನನಗೆ ಬಹಳ ಖುಷಿ. ಅದೇ ಕಚ್‌ನ ಪಾನಂಧ್ರೊ ಲಿಗ್ನೈಟ್ ಗಣಿಯಲ್ಲಿ ಸಿಕ್ಕ 27 ಬೆನ್ನುಮೂಳೆಗಳಿಂದ 2024ರಲ್ಲಿ ಒಂದು ಹಾವಿಗೆ ವಾಸುಕಿ ಇಂಡಿಕಸ್ ಎಂದು ಹೆಸರಿಟ್ಟರು. ಉದ್ದ 11ರಿಂದ 15 ಮೀಟರ್ ಎಂದು ಅಂದಾಜು. ಕಾಲಿರುವ ತಿಮಿಂಗಿಲ ಒಂದು ಕಡೆ, ಬಸ್ಸಿನುದ್ದದ ಹಾವು ಇನ್ನೊಂದು ಕಡೆ. ಆ ಕಾಲದ ಕಚ್ ಹೇಗಿದ್ದಿರಬಹುದು, ಕಣ್ಣು ಮುಚ್ಚಿ ಸ್ವಲ್ಪ ಊಹಿಸಿಕೊಳ್ಳಿ.

ಇನ್ನು ಪಾಕಿಸೀಟಸ್. 1981ರಲ್ಲಿ ಫಿಲಿಪ್ ಗಿಂಗ್ರಿಚ್ ಮತ್ತು ಡೊನಾಲ್ಡ್ ರಸೆಲ್ ಪಾಕಿಸ್ತಾನದಲ್ಲಿ ಸಿಕ್ಕ ಒಂದು ತಲೆಬುರುಡೆಯ ಹಿಂಭಾಗವನ್ನು ವಿವರಿಸಿದರು. ಅದರಲ್ಲಿ ಕಿವಿಯ ಮೂಳೆ ಇತ್ತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಮುಂದೆ ಬೇಕಾಗುತ್ತದೆ. ಸಸ್ತನಿಗಳ ತಲೆಬುರುಡೆಯ ಕೆಳಗೆ, ಕಿವಿಯ ಹತ್ತಿರ, ಒಂದು ಪುಟ್ಟ ಬಟ್ಟಲಿನಂಥ ಮೂಳೆ ಇದೆ. ಬೇರೆ ಪ್ರಾಣಿಗಳಲ್ಲಿ ಅದರ ಗೋಡೆ ಮೊಟ್ಟೆ ಚಿಪ್ಪಿನಂತೆ ತೆಳು. ತಿಮಿಂಗಿಲಗಳಲ್ಲಿ ಮಾತ್ರ ಒಳಗಡೆಯ ಅಂಚು ತುಟಿಯ ಹಾಗೆ ದಪ್ಪಗೆ ಉಬ್ಬಿರುತ್ತದೆ. ಅದಕ್ಕೆ ಇನ್ವಾಲುಕ್ರಮ್ ಎನ್ನುತ್ತಾರೆ. ನೀರೊಳಗೆ ಕೇಳಿಸಿಕೊಳ್ಳುವುದಕ್ಕೆ ಸಂಬಂಧಪಟ್ಟದ್ದು. ಪಾಕಿಸೀಟಸ್‌ನಲ್ಲಿ ಆ ದಪ್ಪ ಅಂಚು ಇತ್ತು. ಹಾಗಾಗಿ ಅದು ತಿಮಿಂಗಿಲ.

ತಲೆ ಸಿಕ್ಕಿತು, ಮೈ ಸಿಗಲಿಲ್ಲ. 1983ರಲ್ಲಿ ಒಂದು ದೊಡ್ಡ ವಿಜ್ಞಾನ ಪತ್ರಿಕೆಯ ಮುಖಪುಟದಲ್ಲಿ ಅದರ ಚಿತ್ರ ಬಂತು. ನೀರಿಗೆ ಧುಮುಕಿ ಮೀನು ಅಟ್ಟಿಸಿಕೊಂಡು ಹೋಗುವ, ಈಜುಗಾಲಿನ ಪ್ರಾಣಿ. 2001ರಲ್ಲಿ ಮೈಯ ಮೂಳೆಗಳ ವಿವರ ಪ್ರಕಟವಾಯಿತು. ನೋಡಿದರೆ ತೋಳದಂಥ ಮೈ, ಸಪೂರ ಉದ್ದ ಕಾಲುಗಳು. ನೆಲದ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಪ್ರಾಣಿ!

ಇಂಥದ್ದು ಹೇಳಿದಾಗ ಕೆಲವರು ಕೇಳುತ್ತಾರೆ, ಇವರು ದಿನಕ್ಕೊಂದು ಹೇಳುತ್ತಾರಲ್ಲ, ಹೇಗೆ ನಂಬುವುದು ಅಂತ. ನನಗೆ ನಂಬಿಕೆ ಹುಟ್ಟುವುದೇ ಇದರಿಂದ. ಕೆನಡಾದ ಬರ್ಜೆಸ್ ಶೇಲ್ ಕಲ್ಲುಗಳಲ್ಲಿ ಹ್ಯಾಲುಸಿಜೀನಿಯ ಎಂಬ ಹುಳು ಸಿಕ್ಕಿದೆ. 50 ಕೋಟಿ ವರ್ಷಕ್ಕೂ ಹಿಂದಿನದು. ಕಿರುಬೆರಳಿಗಿಂತ ಚಿಕ್ಕದು. ಒಂದು ಕಡೆ ಮುಳ್ಳುಗಳು, ಇನ್ನೊಂದು ಕಡೆ ಮೆತ್ತನೆಯ ಕೊಳವೆಗಳು. 1977ರಲ್ಲಿ ಅದನ್ನು ವಿವರಿಸಿದಾಗ ಮುಳ್ಳುಗಳನ್ನೇ ಕಾಲು ಎಂದುಕೊಂಡರು, ಕಡ್ಡಿಗಾಲಿನ ಮೇಲೆ ನಿಂತಿದ್ದ ಪ್ರಾಣಿ ಎಂದು. 1991ರಲ್ಲಿ ಚೀನಾದ ಪಳೆಯುಳಿಕೆಗಳನ್ನು ನೋಡಿದ ಮೇಲೆ ಗೊತ್ತಾಯಿತು, ಅಲ್ಲಿಯವರೆಗೆ ಎಲ್ಲರೂ ಅದನ್ನು ತಲೆಕೆಳಗಾಗಿ ಹಿಡಿದಿದ್ದರು. ಕೊಳವೆಗಳೇ ಕಾಲು, ಮುಳ್ಳು ಇರುವುದು ಬೆನ್ನ ಮೇಲೆ. 2015ರಲ್ಲಿ ಇನ್ನೊಂದು ಗೊತ್ತಾಯಿತು. ತಲೆ ಎಂದುಕೊಂಡಿದ್ದ ಕಪ್ಪು ಗುಂಡು ತಲೆಯೇ ಅಲ್ಲ, ಸತ್ತ ಮೇಲೆ ಹೊಟ್ಟೆಯಿಂದ ಹೊರಬಂದ ರಸದ ಕಲೆ. ನಿಜವಾದ ತಲೆ ಇನ್ನೊಂದು ತುದಿಯಲ್ಲಿತ್ತು, ಕಣ್ಣುಗಳ ಸಮೇತ. ತಪ್ಪನ್ನು ತಿದ್ದಿದವರು ಹೊರಗಿನವರಲ್ಲ. ಅದೇ ಕಲ್ಲುಗಳನ್ನು ಮತ್ತೆ ಮತ್ತೆ ನೋಡಿದ ಅದೇ ಬಳಗದವರು.

ತಿಮಿಂಗಿಲದ ವಿಷಯದಲ್ಲೂ ಹಾಗೇ ಆಯಿತು. 1990ರ ದಶಕದಲ್ಲಿ ಜೀನ್ ಪರೀಕ್ಷೆ ಮಾಡಿದವರು ತಿಮಿಂಗಿಲಕ್ಕೆ ಇವತ್ತಿನ ಪ್ರಾಣಿಗಳಲ್ಲಿ ಅತಿ ಹತ್ತಿರದ ನೆಂಟ ನೀರುಕುದುರೆ ಎಂದರು. ಮೂಳೆ ನೋಡುವವರು ಒಪ್ಪಲಿಲ್ಲ. ಹಲ್ಲು ಹಾಗೆ ಹೇಳುವುದಿಲ್ಲ ಎಂದರು. ಜಗಳ ತೀರಬೇಕಾದರೆ ಹಳೆಯ ತಿಮಿಂಗಿಲವೊಂದರ ಹಿಂಗಾಲಿನ ಗಂಟು ಸಿಗಬೇಕು. ಈಗ ನಿಮ್ಮ ಕೈಗಳಲ್ಲಿ ಓಡಾಡುತ್ತಿದೆಯಲ್ಲ, ಆ ಮೂಳೆ. ಒಂದು ರಾಟೆ ಇದ್ದರೆ ಮೂಳೆಯವರು ಗೆದ್ದರು. ಎರಡು ರಾಟೆ ಇದ್ದರೆ ಜೀನಿನವರು ಗೆದ್ದರು. ಇಷ್ಟು ಸ್ಪಷ್ಟವಾದ ಪಣ ವಿಜ್ಞಾನದಲ್ಲಿ ಅಪರೂಪ.

ಗಿಂಗ್ರಿಚ್ ಮೆಸೊನಿಕಿಡ್ ಪಕ್ಷದವರು. ಬಲೂಚಿಸ್ತಾನದಲ್ಲಿ ಅವರ ತಂಡಕ್ಕೇ ಆ ಮೂಳೆ ಸಿಕ್ಕಿತು. ಆರ್ಟಿಯೊಸೀಟಸ್ ಮತ್ತು ರೋಡೊಸೀಟಸ್ ಎಂಬ ಎರಡು ತಿಮಿಂಗಿಲಗಳದು, ಸುಮಾರು 4.7 ಕೋಟಿ ವರ್ಷ ಹಳೆಯವು. ಎರಡು ರಾಟೆ. ಅನುಮಾನಕ್ಕೆ ಜಾಗವೇ ಇಲ್ಲ. ಇಷ್ಟು ವರ್ಷ ತಾವು ಹೇಳಿಕೊಂಡು ಬಂದದ್ದಕ್ಕೆ ವಿರುದ್ಧವಾದ ಮೂಳೆಯನ್ನು ಅವರೇ ಕೈಯಲ್ಲಿ ಹಿಡಿದಿದ್ದರು. 2001ರಲ್ಲಿ ಅದನ್ನು ಅವರೇ ಪ್ರಕಟಿಸಿದರು. ಅದೇ ತಿಂಗಳು ಥೆವಿಸನ್ ತಂಡದ ಪಾಕಿಸೀಟಸ್ ಕೂಡ ಹೊರಬಂತು. ಅದರ ಕಾಲಲ್ಲೂ ಎರಡು ರಾಟೆ. ಈ ಭಾಗ ಹೇಳುವಾಗಲೆಲ್ಲ ನನಗೆ ಗಿಂಗ್ರಿಚ್ ಮೇಲೆ ಗೌರವ ಉಕ್ಕುತ್ತದೆ.

ಈಗ ನನಗೆ ತುಂಬಾ ಹತ್ತಿರವಾದ ಕತೆಗೆ ಬರುತ್ತೇನೆ. ಎ. ರಂಗ ರಾವ್ ಎಂಬ ಭಾರತೀಯ ಭೂವಿಜ್ಞಾನಿ ಇದ್ದರು. ಕಾಲಾಕೋಟ್ ಹತ್ತಿರದ ಕಲ್ಲುಗಳಲ್ಲಿ ಅವರಿಗೆ ಒಂದು ಚಿಕ್ಕ ಪ್ರಾಣಿಯ ಹಲ್ಲು, ದವಡೆ ಚೂರುಗಳು ಸಿಕ್ಕವು. 1971ರಲ್ಲಿ ಅದಕ್ಕೆ ಇಂಡೋಹ್ಯೂಸ್ ಎಂದು ಹೆಸರಿಟ್ಟರು, ಭಾರತದ ಹಂದಿ ಎಂದು ಅರ್ಥ. ಆ ಜಾಗದಿಂದ ಅವರು ಬಹಳಷ್ಟು ಕಲ್ಲು ತಂದು ಇಟ್ಟುಕೊಂಡಿದ್ದರು. ಮೂಳೆ ಕಲ್ಲಿನೊಳಗೇ ಇತ್ತು, ಬಿಡಿಸುವುದು ಬಾಕಿ ಇತ್ತು. ಅಷ್ಟರಲ್ಲಿ ರಂಗ ರಾವ್ ತೀರಿಕೊಂಡರು. ಅವರ ಹೆಂಡತಿ ಆ ಕಲ್ಲುಗಳನ್ನು ಎಸೆಯಲಿಲ್ಲ. ವರ್ಷಗಟ್ಟಲೆ ಕಾಪಾಡಿಕೊಂಡರು. ಸುಮ್ನೆ ಯೋಚನೆ ಮಾಡಿ. ನಮ್ಮ ಮನೆಗಳಲ್ಲಿ ಹೋದವರ ಪುಸ್ತಕಗಳೇ ಒಂದು ವರ್ಷದಲ್ಲಿ ರದ್ದಿಗೆ ಹೋಗುತ್ತವೆ. ಇವು ಕಲ್ಲುಗಳು. ನೋಡುವವರಿಗೆ ಬರೀ ಕಲ್ಲು. ಕೊನೆಗೆ ಅವರು ಅವನ್ನು ನಂಬಿ ಥೆವಿಸನ್ ಕೈಗೆ ಕೊಟ್ಟರು.

ಥೆವಿಸನ್ ಅವರ ಪ್ರಯೋಗಾಲಯದಲ್ಲಿ ಕಲ್ಲಿನಿಂದ ಮೂಳೆ ಬಿಡಿಸುವ ಕೆಲಸ ನಡೆಯಿತು. ಹಾಗೆ ಬಿಡಿಸುವಾಗ ಒಂದು ದಿನ ತಲೆಬುರುಡೆಯೊಂದು ಕೈತಪ್ಪಿ ಮುರಿಯಿತು. ಕಿವಿಯ ಬಟ್ಟಲು ಒಡೆದು ಒಳಗು ಕಂಡಿತು. ಒಳಗಿನ ಅಂಚು ದಪ್ಪಗಿತ್ತು, ತುಟಿಯ ಹಾಗೆ. ತಿಮಿಂಗಿಲಗಳಿಗೆ ಮಾತ್ರ ಇದೆ ಎಂದುಕೊಂಡಿದ್ದ ಗುರುತು ಬೆಕ್ಕಿನಷ್ಟು ದೊಡ್ಡ, ಪುಟ್ಟ ಜಿಂಕೆಯಂಥ ಪ್ರಾಣಿಯ ಕಿವಿಯಲ್ಲಿ! 2007ರ ಡಿಸೆಂಬರ್‌ನಲ್ಲಿ ಥೆವಿಸನ್, ಬಾಜಪೇಯಿ, ತಿವಾರಿ ಮತ್ತಿತರರು ಇದನ್ನು ಪ್ರಕಟಿಸಿದರು. ಕಿವಿಯ ಜೊತೆ ಬೇರೆ ಸಾಕ್ಷಿಗಳೂ ಇದ್ದವು. ಇಂಡೋಹ್ಯೂಸ್‌ನ ಕಾಲಿನ ಮೂಳೆಗಳ ಗೋಡೆ ದಪ್ಪ, ಒಳಗಿನ ಟೊಳ್ಳು ಕಡಿಮೆ. ನೀರುಕುದುರೆಯಲ್ಲೂ ಹಾಗೇ. ಮೂಳೆ ಭಾರವಿದ್ದರೆ ನೀರಿನಲ್ಲಿ ತೇಲದೆ ತಳದಲ್ಲಿ ನಡೆಯಬಹುದು. ಹಲ್ಲಿನಲ್ಲಿರುವ ಆಕ್ಸಿಜನ್‌ನ ಬಗೆಗಳನ್ನು ಅಳೆದಾಗಲೂ ಅದು ನೀರಿನಲ್ಲಿ ಜಾಸ್ತಿ ಹೊತ್ತು ಕಳೆಯುತ್ತಿತ್ತು ಎಂದು ಗೊತ್ತಾಯಿತು.

ಇಂಡೋಹ್ಯೂಸ್ ನೇರವಾಗಿ ತಿಮಿಂಗಿಲದ ಅಜ್ಜ ಅಲ್ಲ. ಅದು ಬದುಕಿದ್ದ 4.8 ಕೋಟಿ ವರ್ಷದ ಹಿಂದಿನ ಹೊತ್ತಿಗೆ ಪಾಕಿಸೀಟಸ್ ಆಗಲೇ ಬಂದಾಗಿತ್ತು. ಅಜ್ಜನ ತಮ್ಮನ ಮನೆಯವರು ಎನ್ನಿ. ಆದರೆ ದೊಡ್ಡಮನೆ ಹೇಗಿತ್ತು ಎಂದು ತಿಳಿಯಲು ಈ ಮನೆ ನೋಡಿದರೂ ಸಾಕು.

ನಮ್ಮ ಮಲೆನಾಡಿನವರು ಇಲ್ಲಿದ್ದರೆ ಅವರಿಗೆ ಬರ್ಕ ಗೊತ್ತಿರುತ್ತದೆ. ಮೈ ಮೇಲೆ ಬಿಳಿ ಚುಕ್ಕೆ, ಗೆರೆ, ಕಡ್ಡಿಯಂಥ ಕಾಲು, ಕೊಂಬಿಲ್ಲದ ಪುಟಾಣಿ. ಇಲಿಜಿಂಕೆ ಎಂದೂ ಕರೆಯುತ್ತಾರೆ. ಇಂಡೋಹ್ಯೂಸ್ ನೋಡಲು ಸುಮಾರಾಗಿ ಹಾಗೆ ಇತ್ತು ಎಂದುಕೊಳ್ಳಿ, ಬಾಲ ಮಾತ್ರ ಉದ್ದ. ಆಫ್ರಿಕಾದಲ್ಲಿ ಬರ್ಕದ ನೆಂಟ ಇದೆ. ಹದ್ದು ಮೇಲೆರಗಿದರೆ ಓಡಿಹೋಗಿ ಹೊಳೆಗೆ ಧುಮುಕುತ್ತದೆ, ನೀರಿನ ತಳದಲ್ಲಿ ನಡೆದುಕೊಂಡು ಹೋಗಿ ಅಡಗುತ್ತದೆ. ಬೋರ್ನಿಯೋ, ಶ್ರೀಲಂಕಾಗಳಲ್ಲೂ ಇಲಿಜಿಂಕೆಗಳು ಹೀಗೆ ನೀರಿನಲ್ಲಿ ಮುಳುಗಿ ಅಡಗುವುದನ್ನು ಜನ ನೋಡಿದ್ದಾರೆ. ಥೆವಿಸನ್ ಹೇಳುವುದೂ ಇದನ್ನೇ. ತಿಮಿಂಗಿಲದ ಪೂರ್ವಜರು ನೀರಿಗೆ ಇಳಿದದ್ದು ಮೀನಿನ ಆಸೆಗಲ್ಲ. ಮೊದಲು ಜೀವ ಉಳಿಸಿಕೊಳ್ಳಲು. ಮೀನು ತಿನ್ನುವುದು ಆಮೇಲೆ ಬಂತು.

ನನಗೆ ಈ ವಾದ ಹಿಡಿಸುತ್ತದೆ. ವಿಕಾಸ ಎಂದರೆ ಯಾವುದೋ ಗುರಿಯತ್ತ ಮೆಟ್ಟಿಲು ಹತ್ತುವುದು ಎಂದು ಬಹಳ ಜನ ತಿಳಿದಿದ್ದಾರೆ. ಹೆದರಿ ನೀರಿಗೆ ಹಾರಿದ ಆ ಪುಟ್ಟ ಪ್ರಾಣಿಗೆ ಮುಂದೆ ತನ್ನ ಬಳಗದಲ್ಲಿ 30 ಮೀಟರ್ ಉದ್ದದ ನೀಲಿ ತಿಮಿಂಗಿಲ ಬರುತ್ತದೆಂದು ಏನು ಗೊತ್ತು? ಆವತ್ತಿನ ಹದ್ದಿನಿಂದ ತಪ್ಪಿಸಿಕೊಂಡರೆ ಸಾಕಿತ್ತು. ಇನ್ನೂ ಸ್ವಲ್ಪ ಹೊತ್ತು ಮುಳುಗಿರಬಲ್ಲ ಮರಿ ಉಳಿಯಿತು, ಅದರ ಮರಿಗಳು ಉಳಿದವು. ದಶಾವತಾರದಲ್ಲಿ ಮೊದಲು ಮತ್ಸ್ಯ, ಆಮೇಲೆ ಕೂರ್ಮ, ವರಾಹ, ಇದೇ ವಿಕಾಸ ಅಲ್ವಾ ಎಂದು ಹಿರಿಯರು ಕೇಳುವುದುಂಟು. ಆ ಕತೆ ನನಗೂ ಇಷ್ಟ. ಆದರೆ ಎರಡನ್ನೂ ಸೇರಿಸಲು ಹೋಗಬೇಡಿ. ತಿಮಿಂಗಿಲ ಆ ಸಾಲಿಗೆ ಸೇರುವುದೇ ಇಲ್ಲ. ನೀರಿನಿಂದ ನೆಲಕ್ಕೆ ಬಂದವರ ಮೊಮ್ಮಕ್ಕಳು ಮತ್ತೆ ನೀರಿಗೆ ಹೋದರು.

ಹೋದ ದಾರಿಯಲ್ಲಿ ಅಂಬ್ಯುಲೊಸೀಟಸ್ ಬರುತ್ತದೆ. ಸುಮಾರು 4.9 ಕೋಟಿ ವರ್ಷದ ಹಿಂದಿನದು, 1994ರಲ್ಲಿ ಜಗತ್ತಿಗೆ ಗೊತ್ತಾದದ್ದು. ಹೆಸರಿನ ಅರ್ಥವೇ ನಡೆಯುವ ತಿಮಿಂಗಿಲ. ಮೊಸಳೆಯಂತೆ ನೀರಂಚಿನಲ್ಲಿ ಹೊಂಚು ಹಾಕುತ್ತಿತ್ತು ಎನ್ನುತ್ತಾರೆ. ಹಿಂದಿನ ಪಾದ ದೊಡ್ಡದು, ಹುಟ್ಟು ಹಾಕಲು ಹೇಳಿಮಾಡಿಸಿದಂಥದ್ದು. ದೂರದ ಪೆರು ದೇಶದಲ್ಲಿ ಸಿಕ್ಕ ಪೆರೆಗೊಸೀಟಸ್‌ನ ವಿವರ 2019ರಲ್ಲಿ ಪ್ರಕಟವಾಯಿತು. 4 ಕೋಟಿ 26 ಲಕ್ಷ ವರ್ಷ ಹಳೆಯದು, ನಾಲ್ಕು ಕಾಲು, ಬೆರಳ ತುದಿಗೆ ಪುಟ್ಟ ಗೊರಸು. ನಮ್ಮ ಕಡೆ ಹುಟ್ಟಿದ ಈ ಬಳಗ ಕಾಲು ಇರುವಾಗಲೇ ಆಫ್ರಿಕಾ ದಾಟಿ, ಅಟ್ಲಾಂಟಿಕ್ ದಾಟಿ ಅಲ್ಲಿಗೆ ಮುಟ್ಟಿತ್ತು.

ಇನ್ನು ಆ ಹಲ್ಲಿಗಳ ರಾಜ. ಈಜಿಪ್ಟಿನಲ್ಲಿ ವಾದಿ ಅಲ್ ಹಿತಾನ್ ಎಂಬ ಮರುಭೂಮಿ ಕಣಿವೆ ಇದೆ. ತಿಮಿಂಗಿಲಗಳ ಕಣಿವೆ ಎಂದು ಅರ್ಥ. ಮರಳ ಮೇಲೆ ಸಾಲು ಸಾಲು ಅಸ್ಥಿಪಂಜರಗಳು. 2005ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿನ ಬೆಸಿಲೊಸಾರಸ್‌ಗಳ ಹಿಂಗಾಲನ್ನು ಗಿಂಗ್ರಿಚ್ ತಂಡ ಹುಡುಕಿ 1990ರಲ್ಲಿ ವರದಿ ಮಾಡಿತು. 15 ಮೀಟರಿಗೂ ಉದ್ದದ ಮೈ. ಕಾಲು ನನ್ನ ಮುಂಗೈಯಷ್ಟೂ ದಪ್ಪವಿಲ್ಲ, ಉದ್ದ ಸುಮಾರು 35 ಸೆಂಟಿಮೀಟರ್. ಮೊಣಕಾಲು ಇದೆ, ಮೊಣಕಾಲ ಚಿಪ್ಪು ಇದೆ, ಬೆರಳುಗಳಿವೆ. ನಡೆಯಲು ಖಂಡಿತ ಆಗುತ್ತಿರಲಿಲ್ಲ. ಆದರೂ ಇದ್ದವು.

ಇವತ್ತಿನ ತಿಮಿಂಗಿಲದಲ್ಲಿ ಹೊರಗೆ ಕಾಲಿಲ್ಲ. ಒಳಗೆ, ಮಾಂಸದಲ್ಲಿ ಹುದುಗಿ, ಸೊಂಟದ ಮೂಳೆಯ ಚೂರು ಇದೆ. ಬೆನ್ನೆಲುಬಿಗೆ ಅಂಟಿಕೊಂಡಿಲ್ಲ. ಅದು ಪೂರ್ತಿ ವ್ಯರ್ಥವೇನಲ್ಲ, ಜನನಾಂಗದ ಸ್ನಾಯುಗಳಿಗೆ ಆಸರೆ ಅದೇ. ಒಮ್ಮೊಮ್ಮೆ ಹಳೆಯದು ಹೊರಗೂ ಬರುತ್ತದೆ. 1919ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಹತ್ತಿರ ಬೇಟೆಯಾದ ಒಂದು ಹಂಪ್‌ಬ್ಯಾಕ್ ತಿಮಿಂಗಿಲಕ್ಕೆ ಸುಮಾರು 4 ಅಡಿ ಉದ್ದದ ಎರಡು ಹಿಂಗಾಲಿನ ಮೋಟುಗಳಿದ್ದವು. 2006ರಲ್ಲಿ ಜಪಾನಿನ ತಾಯ್‌ಜಿಯಲ್ಲಿ ಹಿಂಭಾಗದಲ್ಲಿ ಒಂದು ಜೋಡಿ ಹೆಚ್ಚಿನ ರೆಕ್ಕೆ ಇದ್ದ ಡಾಲ್ಫಿನ್ ಸಿಕ್ಕಿತು.

ಆದರೆ ಕಾಲು ನೋಡಲು ಅಂಥ ಅಪರೂಪದ ಪ್ರಾಣಿಯನ್ನು ಕಾಯಬೇಕಾಗಿಲ್ಲ. ತಾಯಿಯ ಹೊಟ್ಟೆಯಲ್ಲಿರುವ ಡಾಲ್ಫಿನ್ ಭ್ರೂಣದ ಫೋಟೋಗಳಿವೆ. 24 ದಿನದ ಭ್ರೂಣ ಅವರೆಕಾಳಿನ ಹಾಗೆ ಸುರುಳಿ ಸುತ್ತಿಕೊಂಡಿರುತ್ತದೆ. ಮುಂದೆ ಎರಡು ಮೊಗ್ಗು, ಅವು ಮುಂದೆ ಈಜುರೆಕ್ಕೆಗಳಾಗುತ್ತವೆ. ಬಾಲದ ಬುಡದಲ್ಲಿ ಇನ್ನೆರಡು ಮೊಗ್ಗು, ಸಾಸಿವೆಯಷ್ಟು. ಅವೇ ಹಿಂಗಾಲು. ಕುರಿಮರಿಯ ಭ್ರೂಣದಲ್ಲೂ ಇದೇ ಜಾಗದಲ್ಲಿ ಇಂಥವೇ ಎರಡು ಮೊಗ್ಗುಗಳಿರುತ್ತವೆ. ಅಲ್ಲಿ ಅವು ಬೆಳೆದು, ತೊಡೆಯಾಗಿ, ಮೊಣಕಾಲಾಗಿ, ಈಗ ಆ ಕೊನೆಯ ಸಾಲಿನಲ್ಲಿ ನೀವು ಹಿಡಿದಿದ್ದೀರಲ್ಲ, ಆ ಎರಡು ರಾಟೆಯ ಮೂಳೆಯಾಗುತ್ತವೆ. ಡಾಲ್ಫಿನ್‌ನಲ್ಲಿ ಬೆಳೆಯುವಂತೆ ಹೇಳುವ ಜೀನ್ ಆ ಮೊಗ್ಗಿನಲ್ಲಿ ಕೆಲಸ ಶುರು ಮಾಡುವುದಿಲ್ಲ. ಮೊಗ್ಗು ಕೆಲವು ದಿನ ನಿಲ್ಲುತ್ತದೆ, ಕುಗ್ಗುತ್ತದೆ. 48ನೇ ದಿನದ ಫೋಟೋದಲ್ಲಿ ಆ ಜಾಗ ನುಣ್ಣಗಿದೆ.